ಅಮ್ಮ ನಿನ್ನ ಹೆಸರು ಹೇಳಿದ ದಿನ

ಪ್ರೀತಿಯ ರಘು ಅಣ್ಣಾ,

ಅಂಬರನಾಥದ ಚಾಳಿನಲ್ಲಿ ನೀನು ಕಿಟಕಿಯ ಮುಂದೆ ತುದಿಗಾಲಲ್ಲಿ ನಿಂತು, ಎಡಗಣ್ಣಿನ ಹತ್ತಿರ ಬೆರಳಾಡಿಸುತ್ತಾ ಬಿಸಿಲು ನೋಡುತ್ತಿದ್ದೆ. ಮೂಗಿನಲ್ಲೇ ಒಂದು ರಾಗ ಎಳೆಯುತ್ತಿದ್ದೆ. ಮೇಲೆ ಹೋಗಿ ತಟ್ಟನೆ ನಿಂತುಬಿಡುವ ರಾಗ. ಮಾತು ಮಾತ್ರ ಒಂದೂ ಇರಲಿಲ್ಲ. ಹನ್ನೊಂದನೇ ವಯಸ್ಸಿಗೆ ಜ್ವರ ಬಂದು ನೀನು ಹೋದಾಗ ನನಗೆ ಏಳು. ಅಮ್ಮ ನಿನ್ನ ಫೋಟೋಗಳನ್ನೆಲ್ಲ ಏನು ಮಾಡಿದಳೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮನೆಯಲ್ಲಿ ಯಾರೂ ನಿನ್ನ ಹೆಸರೆತ್ತಲಿಲ್ಲ. ನನ್ನ ಗಂಡ ಶೇಖರ್‌ಗೂ ನಾನು ಹೇಳಲಿಲ್ಲ.

ನನ್ನ ಮಗಳು ನಿಧಿಗೆ ಮೂರು ತುಂಬಿತ್ತು. ಕಲ್ಯಾಣ ದಾಟಿ ಮುರಬಾಡ ರಸ್ತೆಯ ಹಳ್ಳಿಯೊಂದರಲ್ಲಿ ನಮ್ಮ ಹೋಟೆಲು, ಅದರ ಹಿಂದೆಯೇ ಮನೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದವಳಿಗೆ ಆ ರಾಗ ಕೇಳಿಸಿತು. ಮೇಲೆ ಹೋಯಿತು, ತಟ್ಟನೆ ನಿಂತಿತು. ಓಡಿದೆ. ನಿಧಿ ಕಿಟಕಿಯ ಮುಂದೆ ತುದಿಗಾಲಲ್ಲಿ, ಎಡಗಣ್ಣಿನ ಹತ್ತಿರ ಬೆರಳು... ಅವಳಿಗೆ ಅದನ್ನು ಯಾರು ಕಲಿಸಿದರು ಅಣ್ಣಾ? ನಮ್ಮ ಜೊತೆಗೇ ಇದ್ದ ಅಮ್ಮ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು.

“ಅವನೇ ಮಾರಾಯ್ತಿ. ಬಂದಿದ್ದಾನೆ.”

ಮರುದಿನವೇ ಅಮ್ಮ ನಿಧಿಯನ್ನು ಊರಿನ ಮಂತ್ರವಾದಿಯ ಹತ್ತಿರ ಎತ್ತಿಕೊಂಡು ಹೋದಳು. ಹಿಂದೆಯೇ ನಾನೂ ಹೋದೆ. ಸತ್ತವರ ಹೆಸರು ಹೇಳಿ ಅಂದ ಅವನು. ಅಮ್ಮ ಬಾಯಿ ತೆರೆದಳು, ಹೆಸರು ಹೊರಡಲಿಲ್ಲ. ಕರೆದರೆ ತಿರುಗಿಯೂ ನೋಡದ ನಿಧಿ ಆಗ ಖಾಲಿ ಮೂಲೆಯತ್ತ ನೋಡಿ ನಗುತ್ತಿದ್ದಳು. ಯಾರನ್ನು ನೋಡಿ? ಅಲ್ಲಿ ನೀನು...

ಅಂಗನವಾಡಿಯ ಟೀಚರಮ್ಮ ಒಬ್ಬಳೇ ಹೆದರಲಿಲ್ಲ. “ಹಿಲಾ ಠಾಣ್ಯಾಲಾ ದಾಖವಾ,” ಅಂದಳು. ಇವಳನ್ನು ಠಾಣೆ ಶಹರದ ಆಸ್ಪತ್ರೆಯಲ್ಲಿ ತೋರಿಸಿ, ಇಂಥ ಮಕ್ಕಳನ್ನು ಪರೀಕ್ಷೆ ಮಾಡುವ ಡಾಕ್ಟರು ಅಲ್ಲಿದ್ದಾರೆ ಎಂದು. ಎರಡು ತಿಂಗಳು ಕಾದ ಮೇಲೆ ಸರದಿ ಬಂತು. ಕಲ್ಯಾಣದವರೆಗೆ ಬಸ್ಸು, ಅಲ್ಲಿಂದ ಟಿಕೆಟ್ ಕೂಪನ್ ಪಂಚ್ ಮಾಡಿಸಿ ಲೋಕಲ್ ರೈಲು. ಅಮ್ಮನೂ ಹಟ ಮಾಡಿ ಬಂದಳು.

ಡಾಕ್ಟರಮ್ಮ ನೆಲದ ಮೇಲೆ ಕೂತು ಚೆಂಡು ಉರುಳಿಸಿದರು, ಸಾಬೂನಿನ ಗುಳ್ಳೆ ಊದಿದರು, ಮತ್ತೆ ಮತ್ತೆ ಹೆಸರು ಕರೆದರು. ಕೊನೆಗೆ ಫಾರಂ ತೆಗೆದು, ಮನೆತನದಲ್ಲಿ ಇಂಥವರು ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು: “ಫ್ಯಾಮಿಲಿ ಮೇ ಔರ್ ಕೋಯಿ ಐಸಾ ಥಾ?”

“ನಹೀ,” ಅಂದರು ಶೇಖರ್. ನಾನು ತಲೆ ತಗ್ಗಿಸಿದೆ. ನಾನು ಹೇಳಬೇಕಿತ್ತು ಅಣ್ಣಾ, ಆದರೆ...

ಹಿಂದಿನಿಂದ ಅಮ್ಮನ ದನಿ ಬಂತು. “ಥಾ. ಮೇರಾ ಬೇಟಾ. ರಘು.”

ಇಷ್ಟು ವರ್ಷಗಳ ಮೇಲೆ ಆ ಹೆಸರು ಕೇಳಿ ತಿರುಗಿ ಅಮ್ಮನನ್ನು ನೋಡಿದೆ. ನಿಧಿಗಿರುವುದು ಆಟಿಸಂ, ಯಾರೂ ಮೈಮೇಲೆ ಬಂದಿಲ್ಲ, ಒಂದೇ ಮನೆತನದಲ್ಲಿ ಹೀಗಾಗುವುದುಂಟು ಎಂದರು ಡಾಕ್ಟರಮ್ಮ. ನಿನಗೂ ಅದೇ ಇತ್ತೇ ಎಂದು ಅಮ್ಮ ಕೇಳಿದಳು. ನೋಡದೆ ಹೇಳಲಾಗದು, ಇದ್ದರೂ ಇರಬಹುದು ಎಂದರು. ಅಮ್ಮ ನನ್ನ ಕೈ ಹಿಡಿದಳು. “ಬೆರಳಾಡಿಸಬೇಡ ಅಂತ ಅವನಿಗೆ ಬರೆ ಎಳೆದಿದ್ದೆ ಮಗಾ.”

ವಾಪಸ್ ಬರುವಾಗ ಡೊಂಬಿವಲಿ ಸ್ಟೇಷನ್ ದಾಟಿದ ಮೇಲೆ ಶೇಖರ್ ನನ್ನತ್ತ ತಿರುಗಿದರು. “ನಂಗೂ ಹೇಳ್ಲಿಲ್ಲ ಅಲ್ಲಾ ನೀನು?” ಅಂದರು. ಹಾಗಂದು, ನಿದ್ದೆಹೋಗಿದ್ದ ನಿಧಿಯನ್ನು ನನ್ನ ಮಡಿಲಿಂದ ಎತ್ತಿಕೊಂಡರು.

ಈಗ ವಾರಕ್ಕೊಮ್ಮೆ ನಿಧಿಯನ್ನು ತರಬೇತಿಗೆಂದು ಠಾಣೆಗೆ ಕರೆದೊಯ್ಯುತ್ತೇವೆ. ಮೊನ್ನೆ ಲೋಕಲ್ಲಿನ ಲೇಡೀಸ್ ಬೋಗಿಯಲ್ಲಿ ಒಬ್ಬಾಕೆ ಅಮ್ಮನಿಗೆ ಮಕ್ಕಳೆಷ್ಟು ಎಂದು ಕೇಳಿದಳು. ಯಾವಾಗಲೂ ಒಬ್ಬಳೇ ಅನ್ನುತ್ತಿದ್ದ ಅಮ್ಮ, “ದೋ,” ಅಂದಳು. “ಬಡಾವಾಲಾ ಬಾತ್ ನಹೀ ಕರ್ತಾ.”

ದೊಡ್ಡವನು ಮಾತಾಡುತ್ತಿರಲಿಲ್ಲ ಅನ್ನಲಿಲ್ಲ ಅಣ್ಣಾ. ಮಾತಾಡುವುದಿಲ್ಲ ಅಂದಳು. ನಾನು ತಿದ್ದಲಿಲ್ಲ.

ನಿನ್ನ ತಂಗಿ