ಹೊಳೆಗೆ ಬಿಟ್ಟ ಆಮೆ

ಗುರುಪುರ, ಹುಣಸೂರು ತಾಲ್ಲೂಕು
17-9-2024, ಮಂಗಳವಾರ

ಮುದ್ದಿನ ಮೊಮ್ಮಗಳು ಕಾವ್ಯಶ್ರೀಗೆ ನಿನ್ನ ತಾತನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ನೆಗಡಿ ಬಿಟ್ಟಿತೇ? ಮಂಗಳೂರಿನ ಕುಚಲಕ್ಕಿ ಅನ್ನ ಹೊಟ್ಟೆಗೆ ಹಿಡಿಸುತ್ತಿದೆಯೇ? ಮುದ್ದೆ ತಿಂದು ಬೆಳೆದ ಹೊಟ್ಟೆ, ಅದಕ್ಕೂ ಬೇಸರವಿರುತ್ತದೆ. ಅಜ್ಜಿ ಹುಚ್ಚೆಳ್ಳು ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಫೋನ್ ಇರುವಾಗ ತಾತನಿಗೇಕೆ ಕಾಗದದ ಶೋಕಿ ಎಂದು ನಗಬೇಡ. ನಿನ್ನೆ ಫೋನ್ ಮಾಡಿದವನು ನಿನ್ನ ದನಿ ಕೇಳಿದ್ದೇ ಮಳೆ ಬೆಳೆ ಮಾತಾಡಿ ಇಟ್ಟುಬಿಟ್ಟೆ. ವಿಷಯ ಬಾಯಿಗೆ ಬರಲಿಲ್ಲ.

ನೀನು ಮಾಡಿಟ್ಟ ಆಮೆ ಈಗ ನಮ್ಮ ಮನೆಯಲ್ಲಿಲ್ಲ ಕಂದಾ. ಕಡಲ ದಡದ ಪ್ರದರ್ಶನಕ್ಕೆ ಒಯ್ಯಲು ಕಾಲೇಜಿನ ವ್ಯಾನು ಬರುವವರೆಗೆ ಜೋಪಾನ ಎಂದು ನೀನು ಜಗುಲಿಯ ಮೇಲೆ ಬಿಟ್ಟುಹೋಗಿದ್ದೆ. ಗೊಬ್ಬರದ ಚೀಲದ ಚಿಪ್ಪು, ಹೊಗೆಸೊಪ್ಪಿನ ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯ ಕಾಲು, ಬಲೆಯ ಹೊಟ್ಟೆಯೊಳಗೆ ಕಾಣುವ ಹಾಗೆ ತುಂಬಿದ ಪ್ಲಾಸ್ಟಿಕ್ ಕವರುಗಳು. ಸತ್ತು ದಡಕ್ಕೆ ಬಿದ್ದ ಆಮೆಯ ಹೊಟ್ಟೆಯಲ್ಲಿ ಇವೇ ಇದ್ದವು ಎಂದು ನೀನು ಹೇಳಿದ್ದನ್ನು ನೋಡಲು ಬಂದವರಿಗೆಲ್ಲ ಒಪ್ಪಿಸಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಆದರೆ ಎದುರುಮನೆ ಚಿಕ್ಕಸಿದ್ದಮ್ಮ ಇದು ಕೂರ್ಮಾವತಾರ ಎಂದು ಒಂದು ದಾಸವಾಳ ಇಟ್ಟು ಹೋದಳು. ಅವತ್ತೇ ಸಂಜೆ ಅವಳ ತಪ್ಪಿಸಿಕೊಂಡಿದ್ದ ಹಸು ತಾನಾಗಿ ಮನೆಗೆ ಬಂತು. ಇನ್ನು ಕೇಳಬೇಕೇ? ಮಾರನೇ ದಿನದಿಂದ ಚಿಪ್ಸ್ ಪೊಟ್ಟಣಕ್ಕೂ ಕುಂಕುಮ, ಶಾಂಪೂ ಬಾಟಲಿಗೂ ಅರಿಶಿನ. ನಿನ್ನ ಅಜ್ಜಿಯೇ ಮಂಗಳಾರತಿ ತಟ್ಟೆ ಹಿಡಿದು ಮುಂದೆ ನಿಂತಳು. ನನ್ನ ಮಾತು ಈ ಮನೆಯಲ್ಲಿ ಯಾವತ್ತು ನಡೆದಿದೆ ಹೇಳು.

ಮೊನ್ನೆ ಭಾನುವಾರ ಊರಿನ ಗಣಪತಿ ಬಿಡುವ ದಿನ. ಟ್ರ್ಯಾಕ್ಟರು ನಮ್ಮ ಬಾಗಿಲಲ್ಲೇ ನಿಂತಿತು. ಗಣಪತಿ ಕೂರಿಸಿದ ನಂಜಣ್ಣ ಇಳಿದು ಬಂದ. ಇದು ದೇವರಲ್ಲ, ಹುಡುಗಿಯ ಓದಿನ ಕೆಲಸ, ಇಂಥದ್ದೆಲ್ಲ ನೀರಿಗೆ ಬೀಳಬಾರದು ಅಂತಲೇ ಮಾಡಿದ್ದು ಎಂದು ಗಂಟಲು ಹರಿದುಕೊಂಡೆ. ಅವನಿಗೆ ಸಿಟ್ಟೂ ಬರಲಿಲ್ಲ. “ಪೂಜೆ ಆದ್ಮೇಲೆ ಮನೇಲಿ ಮಡಿಕಬಾರ್ದು ಕಣಣ್ಣ, ಕೇಡು. ನಿನ್ ಮೊಮ್ಮಗಳಿಗೇ ಒಳ್ಳೇದಾಗ್ಲಿ ಅಂತ ಬುಡ್ತಾ ಇರೋದು” ಎಂದ. ನಿನ್ನ ಹೆಸರೆತ್ತಿದ್ದೇ ಅಜ್ಜಿ ಕೈಮುಗಿದಳು. ಆಮೆಯನ್ನು ಹಿಡಿದಿದ್ದ ನನ್ನ ಕೈ ಸಡಿಲಾಯಿತು.

ಹುಣಸೂರಿನ ಹೊಳೆಯವರೆಗೂ ಹಿಂದೆಯೇ ಹೋದೆ. ಗಣಪತಿ ಮುಳುಗಿತು, ಆಮೆ ಮುಳುಗಲಿಲ್ಲ. ತೇಲಿ ಹೋಗುತ್ತಿದ್ದುದನ್ನು ನೋಡಿ ಜನ ಜೈಕಾರ ಹಾಕಿದರು. ಸೇತುವೆಯ ಕಂಬಕ್ಕೆ ಬಡಿದು ಬಲೆ ಹರಿಯಿತು, ಹೊಟ್ಟೆಯ ಕವರೆಲ್ಲ ಹೊಳೆ ತುಂಬಾ ಹರಡಿತು. ಕನ್ನಂಬಾಡಿ ಕಟ್ಟೆಯಲ್ಲಾದರೂ ತಡೆದೀತು ಎಂದುಕೊಂಡೆ. ಗೇಟು ತೆಗೆದರೆ ಅಲ್ಲಿಂದಾಚೆ ಯಾರು ತಡೆಯುತ್ತಾರೆ? ಯಾವ ಕಡಲಿಗೋ, ಯಾವ ಆಮೆಯ ಬಾಯಿಗೋ. ದಡದಲ್ಲಿ ಕೂತು ಅತ್ತುಬಿಟ್ಟೆ ಮಗಳೇ. ಭಕ್ತಿ ಉಕ್ಕಿ ಅಳುತ್ತಿದ್ದಾನೆ ಎಂದುಕೊಂಡು ಯಾರೋ ನನ್ನ ಹಣೆಗೂ ಕುಂಕುಮ ಇಟ್ಟರು.

ಕೋಪ ಬಂದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ. ಬಿಸಿನೀರು ಕುಡಿ. ಚಾಮುಂಡಿ ತಾಯಿ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ತಾತ,
ಚೆಲುವಯ್ಯ

ಮರೆತಿದ್ದೆ: ಬರುವ ವರ್ಷ ನೀನು ಇನ್ನೂ ದೊಡ್ಡ ಆಮೆ ಮಾಡಿಕೊಡಬೇಕೆಂದು ಊರೇ ತೀರ್ಮಾನ ಮಾಡಿದೆ. ನಿನ್ನೆಯಿಂದ ಮನೆಮನೆಯವರೂ ಕವರು, ಬಾಟಲಿ ತೊಳೆದು, ಅರಿಶಿನ ಹಚ್ಚಿ ತಂದು ನಮ್ಮ ಜಗುಲಿಗೆ ಸುರಿಯುತ್ತಿದ್ದಾರೆ. ಬೇಡವೆಂದರೆ ಕೇಳುವವರಿಲ್ಲ. ನೀನು ಮಾಡದಿದ್ದರೆ ರಾಶಿಗೇ ಪೂಜೆ ಮಾಡಿ ಹೊಳೆಗೆ ಬಿಡುತ್ತಾರಂತೆ.