ಒಂಬತ್ತನೇ ಪ್ರೋಗ್ರಾಮನ್ನು ರನ್ ಮಾಡಿ ನೋಡಿದ ಅಪರಾಧ

ನಂಜನಗೂಡು
ಮೇ ೨, ೨೦೦೩

ಕಂಪ್ಯೂಟರ್ ಪ್ರಯೋಗ ಕೈಪಿಡಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸಮಸ್ತ ನಾಡಿನ ಜನತೆಗೆ, ವಿಶೇಷವಾಗಿ ಗಣಿತಜ್ಞರಿಗೆ, ಪಂಚಾಂಗ ಬರೆಯುವವರಿಗೆ ಮತ್ತು ಸಂತೆಯಲ್ಲಿ ತಕ್ಕಡಿ ಹಿಡಿಯುವವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮ ಕೈಪಿಡಿಯ ಮೂವತ್ತೊಂದನೇ ಪುಟದ ಪ್ರೋಗ್ರಾಮಿನ ಪ್ರಕಾರ ಏಳು ಎಂಬ ಸಂಖ್ಯೆಯು ತೊಂಬತ್ತಾರಕ್ಕಿಂತ ದೊಡ್ಡದು. ಹನ್ನೊಂದು ಮಂದಿ ತಜ್ಞರು ಸಹಿ ಹಾಕಿದ ಮೇಲೆ ಏಳಾದರೂ ಏನು ಮಾಡೀತು, ಪಾಪ, ದೊಡ್ಡದಾಗಲೇಬೇಕಲ್ಲ!

ಈ ಸಂಶೋಧನೆಯನ್ನು ಒಪ್ಪದವಳು ನಮ್ಮ ತಾಲ್ಲೂಕಿನಲ್ಲಿ ಒಬ್ಬಳೇ ಒಬ್ಬಳು: ಹೆಡತಲೆಯ ಚೈತ್ರ, ವಯಸ್ಸು ಹದಿನೇಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳು ಸರಿಯಾದುದನ್ನು ಬರೆದಳು. ತಾವು ಸೊನ್ನೆ ಕೊಟ್ಟಿರಿ. ಸೊನ್ನೆ ಬಹಳ ಒಂಟಿಯಾಗಿ ಕಂಡಿತೋ ಏನೋ, ಜೊತೆಗೆ ನಕಲು ಹೊಡೆದಳೆಂಬ ಆರೋಪವನ್ನೂ ಅಂಟಿಸಿದಿರಿ. ಇದೇ ಹದಿನಾಲ್ಕರಂದು ಮೈಸೂರಿನ ಕಚೇರಿಯಲ್ಲಿ ವಿಚಾರಣೆ. ತಪ್ಪಿತಸ್ಥೆ ಎಂದು ತೀರ್ಮಾನವಾದರೆ ಎರಡು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ. ಪುಸ್ತಕ ಬರೆಸಿದವರು ತಾವು, ಅಂಕ ಕಳೆದವರು ತಮ್ಮ ಪರೀಕ್ಷಕರು, ವಿಚಾರಣೆ ನಡೆಸುವವರೂ ತಾವೇ. ಹುಡುಗಿಯ ಪರ ವಾದವನ್ನೂ ತಾವೇ ಮಾಡಿಬಿಟ್ಟರೆ ನಮಗೆ ಬಸ್ಸಿನ ಪ್ರಯಾಣ ಉಳಿಯುತ್ತಿತ್ತು.

ನಾನು ಯಾರು ಎಂದು ಕೇಳುತ್ತೀರಿ. ಕಂಪ್ಯೂಟರ್ ಪಂಡಿತನಂತೂ ಅಲ್ಲ. ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ, ಕಲಿಯುವವರು ನಿಂತುಹೋದ ಮೇಲೆ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಒಂದು ಕಂಪ್ಯೂಟರ್ ತಂದಿಟ್ಟುಕೊಂಡು ಲಗ್ನಪತ್ರಿಕೆ, ತಿಥಿ ಕಾರ್ಡು ಮಾಡಿಕೊಡುವವನು. ಇದರ ಜೊತೆಗೆ ಇನ್ನೊಂದು ಘನಕಾರ್ಯವೂ ಇತ್ತು, ಅದನ್ನು ಮುಚ್ಚಿಟ್ಟು ತಮಗೆ ಬುದ್ಧಿ ಹೇಳಲು ಹೊರಟರೆ ನನಗೇ ನಗು ಬರುತ್ತದೆ. ಪ್ರೋಗ್ರಾಮು ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳು, ಔಟ್‌ಪುಟ್ ಎಂದರೆ ಯಂತ್ರ ಕೊಡುವ ಉತ್ತರ. ತಮ್ಮ ಕೈಪಿಡಿಯಲ್ಲಿ ಹದಿನೆಂಟು ಪ್ರೋಗ್ರಾಮುಗಳಿವೆ, ಪ್ರತಿಯೊಂದರ ಕೆಳಗೂ ಅದರ ಉತ್ತರ ಮೊದಲೇ ಅಚ್ಚಾಗಿದೆ. ನಾನು ಆ ಹದಿನೆಂಟು ಉತ್ತರಗಳನ್ನು ಚೆಂದವಾಗಿ ಟೈಪ್ ಮಾಡಿ, ‘ಔಟ್‌ಪುಟ್ ಸೆಟ್’ ಎಂದು ಹೆಸರಿಟ್ಟು, ಮಕ್ಕಳಿಗೆ ಜೆರಾಕ್ಸ್ ಕೊಡುತ್ತಿದ್ದೆ. ಅವರು ಅದನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಹೀಗೆ ಐದು ವರ್ಷ ನಮ್ಮ ತಾಲ್ಲೂಕಿನಲ್ಲಿ ಕಂಪ್ಯೂಟರ್ ಶಿಕ್ಷಣವು ಕಂಪ್ಯೂಟರಿಗೆ ಕಿಂಚಿತ್ತೂ ತೊಂದರೆ ಕೊಡದೆ ಪ್ರಚಂಡವಾಗಿ ನಡೆಯಿತು. ಫಲಿತಾಂಶ ನೂರಕ್ಕೆ ನೂರು. ಶಾಲು ಹೊದಿಸಿಕೊಂಡವರು ತಾವು.

ಚೈತ್ರ ಓದುವುದು ಕವಲಂದೆ ಕಡೆಯ ಒಂದು ಕಾಲೇಜಿನಲ್ಲಿ. ಅಲ್ಲಿನ ಕಂಪ್ಯೂಟರ್ ಮೇಷ್ಟ್ರು ಚಿಕ್ಕಸ್ವಾಮಿ ನಿಜಕ್ಕೂ ಗಣಿತದವರು. ಅವರನ್ನು ಹತ್ತು ದಿನದ ತರಬೇತಿಗೆ ಕರೆಸಿ, ಅದರಲ್ಲಿ ಎರಡು ದಿನ ಉದ್ಘಾಟನೆ ಮತ್ತು ಸಮಾರೋಪ ಮುಗಿಸಿ, “ಇನ್ನು ಮುಂದೆ ನೀವೇ ಕಂಪ್ಯೂಟರ್” ಎಂದು ವಾಪಸ್ ಕಳಿಸಿದ್ದೀರಿ. ಮುಂದಿನದನ್ನು ಅವರು ಓದಿ ತಿಳಿಯಲಿ ಎಂದು ಕೈಪಿಡಿಯ ಕೊನೆಯಲ್ಲಿ ‘ಅಧ್ಯಾಪಕರಿಗೂ ಪ್ರೋಗ್ರಾಮರುಗಳಿಗೂ ಉಪಯುಕ್ತ ಗ್ರಂಥಗಳು’ ಎಂಬ ಪಟ್ಟಿಯನ್ನೂ ದಯಪಾಲಿಸಿದ್ದೀರಿ. ಒಟ್ಟು ಇಪ್ಪತ್ತೆರಡು ಗ್ರಂಥಗಳು. ಚಿಕ್ಕಸ್ವಾಮಿ ಅಷ್ಟನ್ನೂ ಹುಡುಕಿದ್ದಾರೆ. ಹದಿನಾಲ್ಕು ಸಮುದ್ರದ ಆಚೆ ಮಾತ್ರ ಸಿಗುತ್ತವೆ. ಐದರ ಅಚ್ಚು ನಿಂತು ಎಷ್ಟೋ ಕಾಲವಾಗಿದೆ. ಉಳಿದ ಮೂರೂ ತಾವೇ ಬರೆದವು. ಆ ಮೂರು ಮಾತ್ರ ಕಾಲೇಜಿಗೆ ತಪ್ಪದೆ ತಲುಪಿ, ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಹಾಳೆ ಹರಿದರೆ ಮೇಷ್ಟ್ರೇ ಜವಾಬ್ದಾರರಾದ್ದರಿಂದ ಬೀಗ ತೆಗೆಸುವ ಧೈರ್ಯ ಯಾರಿಗೂ ಇಲ್ಲ. ಐದು ವರ್ಷದಿಂದ ಚಿಕ್ಕಸ್ವಾಮಿ ಗಾಜಿನಾಚೆ ನಿಂತು ಅವುಗಳ ಬೆನ್ನನ್ನು ಓದುತ್ತಿದ್ದಾರೆ. ತಮ್ಮ ಗ್ರಂಥಗಳ ಬೆನ್ನಿನ ವಿಷಯದಲ್ಲಿ ಇಂದು ಅವರನ್ನು ಮೀರಿಸುವವರಿಲ್ಲ. ಒಳಗಿನದನ್ನು ಓದಿದ ನನ್ನ ಒಬ್ಬ ಗಿರಾಕಿಯ ಪ್ರಕಾರ ಅವರು ಕಳೆದುಕೊಂಡದ್ದೂ ಏನಿಲ್ಲ.

ಜನವರಿಯಲ್ಲಿ ಚೈತ್ರ ನನ್ನ ಅಂಗಡಿಗೆ ಬಂದಳು, ರೆಕಾರ್ಡ್ ಪುಸ್ತಕದ ಮೊದಲ ಪುಟ ಪ್ರಿಂಟ್ ಹಾಕಿಸಲು.

“ಔಟ್‌ಪುಟ್ ಸೆಟ್ಟೂ ಕೊಡಲೇನಮ್ಮ? ರೆಡಿ ಇದೆ,” ಎಂದೆ.

“ಬ್ಯಾಡ ಸಾ. ನಾನೇ ರನ್ ಮಾಡಿ ತಗತೀನಿ. ಕಾಲೇಜಲ್ಲಿ ಕಂಪ್ಯೂಟ್ರು ಮುಟ್ಟಕ್ಕೆ ಬುಡಲ್ಲ. ನಿಮ್ದ್ರಲ್ಲಿ ಅರ್ಧ ಗಂಟೆ ಕೂತ್ಕಳ್ಲಾ?”

“ರನ್ ಯಾಕಮ್ಮ ಮಾಡ್ತೀಯ? ಉತ್ತರ ಪುಸ್ತಕದಲ್ಲೇ ಇದೆಯಲ್ಲ.”

“ಪುಸ್ತಕ್ದೋರು ರನ್ ಮಾಡವ್ರಾ ಇಲ್ವಾ ಅಂತ ನೋಡಾಣ ಅಂತ ಸಾ.”

ಎಂಥ ಉದ್ಧಟತನ ನೋಡಿ! ಎಂಟು ಪ್ರೋಗ್ರಾಮು ಸರಾಗವಾಗಿ ಓಡಿದವು. ಒಂಬತ್ತನೆಯದು ಹತ್ತು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು. ಕೈಪಿಡಿಯಲ್ಲಿ ಅಚ್ಚಾದ ಉತ್ತರದಲ್ಲಿ ಏಳು ಮೊದಲಿಗೆ ನಿಂತಿದೆ, ತೊಂಬತ್ತಾರು ಕೊನೆಗೆ. ನನ್ನ ಯಂತ್ರದಲ್ಲಿ ಏಳು ಹೋಗಿ ತೊಂಬತ್ತಾರರ ಹಿಂದೆ ನಿಂತುಕೊಂಡಿತು. ನಾನು ಯಂತ್ರದ ಪಕ್ಕೆಗೆ ಎರಡು ಬಾರಿಸಿದೆ. ಏಳು ಕದಲಲಿಲ್ಲ. ಕೊನೆಗೆ ಚಿಕ್ಕಸ್ವಾಮಿಯವರಿಗೆ ಹೇಳಿ ಕಳಿಸಿದೆ.

“ವೈರಸ್ಸು ಕಣ್ರೀ ರಾಯರೇ,” ಎಂದರು ಅವರು ಬಂದವರೇ. “ಮದುವೆ ಕಾರ್ಡಿಂದ ಬಂದಿರ್ತದೆ.”

“ವೈರಸ್ಸಿಗೆ ಏಳ್ರ ಮೇಲೆ ಯಾಕ್ ಸಾ ಸಿಟ್ಟು?” ಎಂದಳು ಚೈತ್ರ.

ಉತ್ತರ ಹೇಳಲು ಆ ಇಪ್ಪತ್ತೆರಡು ಗ್ರಂಥಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಕೀಬೋರ್ಡಿನ ಮೇಲಿನ ಸಾಲಿನ ಎಫ್ ಒನ್ ಎಂಬ ಕೀಲಿ. ಅದನ್ನು ಒತ್ತಿದರೆ ಯಂತ್ರದೊಳಗೇ ಒಂದು ಪುಸ್ತಕ ತೆರೆದುಕೊಳ್ಳುತ್ತದೆ, ಯಾವ ಆಜ್ಞೆ ಏನು ಮಾಡುತ್ತದೆ ಎಂದು ಉದಾಹರಣೆ ಸಮೇತ ಹೇಳುತ್ತದೆ. ಬೀರುವೂ ಬೇಡ, ಬೀಗವೂ ಬೇಡ, ಹಾಳೆ ಹರಿಯುವ ಭಯವೂ ಇಲ್ಲ. ದಯವಿಟ್ಟು ಇದನ್ನು ತಮ್ಮ ಪಟ್ಟಿಗೆ ಇಪ್ಪತ್ತಮೂರನೆಯದಾಗಿ ಸೇರಿಸಿಕೊಳ್ಳಿ. ಬರೆದವರು ತಾವಲ್ಲ ಎಂಬುದೊಂದು ಕೊರತೆ, ಅದನ್ನು ಸಹಿಸಿಕೊಳ್ಳಬೇಕು. ಮೇಷ್ಟ್ರು, ಶಿಷ್ಯೆ ಇಬ್ಬರೂ ಮೂರು ಸಂಜೆ ಕೂತು ಇಂಗ್ಲಿಷನ್ನು ಒಂದೊಂದೇ ಸಾಲು ಬಿಡಿಸಿಕೊಂಡು ಓದಿದರು. ಮೂರು ಲಗ್ನಪತ್ರಿಕೆಗಳು ತಡವಾದವು. ಹೆಣ್ಣಿನ ಕಡೆಯವರು ನನ್ನನ್ನು ಬೈದರು.

ಮೂರನೇ ಸಂಜೆ ಚೈತ್ರ ಪರದೆಯ ಮೇಲೆ ಬೆರಳಿಟ್ಟಳು. “ಇಲ್ಲಿ ಒಂದನ್ನ ಜಾಸ್ತಿ ಕಳ್ದವ್ರೆ ಸಾ.”

ತಮಗೂ ತಿಳಿಯುವಂತೆ ಹೇಳುತ್ತೇನೆ. ಡ್ರಿಲ್ ಮೇಷ್ಟ್ರು ಹತ್ತು ಹುಡುಗಿಯರನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಬೇಕು. ಅಕ್ಕಪಕ್ಕದ ಇಬ್ಬರನ್ನು ನೋಡುತ್ತಾರೆ, ಎತ್ತರದವಳು ಮುಂದಿದ್ದರೆ ಇಬ್ಬರನ್ನೂ ಅದಲು ಬದಲು ಮಾಡುತ್ತಾರೆ, ಹಾಗೇ ಸಾಲಿನುದ್ದಕ್ಕೂ ಮತ್ತೆ ಮತ್ತೆ ಹೋಗುತ್ತಾರೆ. ತಮ್ಮ ಕೈಪಿಡಿಯ ಹದಿನಾಲ್ಕನೇ ಸಾಲು ಆ ಮೇಷ್ಟ್ರಿಗೆ, “ಒಂಬತ್ತನೆಯವಳ ಹತ್ತಿರ ನಿಂತುಬಿಡು, ಹತ್ತನೆಯವಳ ಕಡೆ ಕಣ್ಣೆತ್ತಿಯೂ ನೋಡಬೇಡ,” ಎನ್ನುತ್ತದೆ. ಆ ಹತ್ತನೆಯವಳು ಎಷ್ಟು ಕುಳ್ಳಗಿದ್ದರೂ ಕೊನೆಯಲ್ಲೇ ನಿಂತಿರಬೇಕು. ನಮ್ಮ ಏಳೇ ಆ ಹತ್ತನೆಯವಳು. ಚೈತ್ರ ಆ ಹೆಚ್ಚುವರಿ ‘ಮೈನಸ್ ಒಂದ’ನ್ನು ಅಳಿಸಿ ರನ್ ಮಾಡಿದಳು. ಏಳು ಮೊದಲಿಗೆ ಬಂದು ನಿಂತಿತು.

ಚಿಕ್ಕಸ್ವಾಮಿ ಕೈಪಿಡಿಯ ಮೂವತ್ತೊಂದನೇ ಪುಟ ತೆರೆದು ಪರದೆಯ ಪಕ್ಕ ಹಿಡಿದರು. ಆಮೇಲೆ, “ಐದು ವರ್ಷ ಕಣ್ರೀ ರಾಯರೇ. ಬೋರ್ಡ್ ಮೇಲೆ ಇದನ್ನೇ ಬರ್ದಿದೀನಿ, ಇದನ್ನೇ ಬಾಯಿಪಾಠ ಮಾಡ್ಸಿದೀನಿ. ಮರ್ತೋದೋರ್ನ ಬೆಂಚ್ ಮೇಲೆ ನಿಲ್ಸಿದೀನಿ,” ಎಂದರು.

ನಾನು ಔಟ್‌ಪುಟ್ ಸೆಟ್ಟುಗಳ ಕಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ.

ಮರುದಿನವೇ ಅವರು ತಮಗೆ ವಿನಯದಿಂದ ಪತ್ರ ಬರೆದರು. ಹೊಗಳಿಕೆ ಬರಲಿಲ್ಲ, ನೋಟಿಸು ಬಂತು: “ಸಮಿತಿಯು ಅನುಮೋದಿಸಿದ ಪ್ರೋಗ್ರಾಮನ್ನು ಅನುಮೋದನೆಯಿಲ್ಲದ ಖಾಸಗಿ ಯಂತ್ರದಲ್ಲಿ ನಡೆಸಿ ತಪ್ಪು ಉತ್ತರ ಬರಿಸಿದ್ದು ಏಕೆ ಎಂಬ ಬಗ್ಗೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.” ಈ ವಾಕ್ಯವನ್ನು ಬರೆದ ಮಹನೀಯರ ಕೈಯನ್ನು ನಾನು ಒಮ್ಮೆ ನೋಡಬೇಕು. ಯಂತ್ರದ ಬಾಯಿಂದ ಸತ್ಯ ಬಂದರೆ ಯಂತ್ರಕ್ಕೇ ಲೈಸೆನ್ಸ್ ಇದೆಯೇ ಎಂದು ಕೇಳುವುದು ಸಾಮಾನ್ಯರಿಗೆ ಹೊಳೆಯುವ ಉಪಾಯವಲ್ಲ.

ಇನ್ನು ಪರೀಕ್ಷೆಯ ಕಥೆ. ಕೇಂದ್ರ ಟಿ. ನರಸೀಪುರದಲ್ಲಿ. ಚೀಟಿ ಎತ್ತಿದಾಗ ಚೈತ್ರಳ ಕೈಗೆ ಬಂದದ್ದು ಅದೇ ಒಂಬತ್ತನೇ ಪ್ರೋಗ್ರಾಮು. ಅವಳು ತಿದ್ದಿದ ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದಳು, ಯಂತ್ರದಲ್ಲಿ ಟೈಪ್ ಮಾಡಿದಳು, ರನ್ ಮಾಡಿದಳು, ಬಂದ ಉತ್ತರವನ್ನು ಹಾಳೆಗೆ ಇಳಿಸಿದಳು. ತಮ್ಮ ಪರೀಕ್ಷಕರು ಕಾಫಿ ಮುಗಿಸಿ ಅವಳ ಬಳಿ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಪರೀಕ್ಷಕರಿಗೆ ಅದರಿಂದೇನೂ ಅಡ್ಡಿಯಾಗಲಿಲ್ಲ, ಏಕೆಂದರೆ ಅವರು ಪರದೆ ನೋಡಲು ಬಂದವರೇ ಅಲ್ಲ. ಅವಳ ಹಾಳೆಯನ್ನೂ ಕೈಪಿಡಿಯನ್ನೂ ಪಕ್ಕಪಕ್ಕ ಇಟ್ಟು, ಒಂದು ಸ್ಕೇಲು ಅಡ್ಡ ಹಿಡಿದು, ಸಾಲು ಸಾಲಾಗಿ ಇಳಿದರು. ಹದಿನಾಲ್ಕನೇ ಸಾಲಿನಲ್ಲಿ ಸ್ಕೇಲು ನಿಂತಿತು.

“ಇಲ್ಲಿ ಮೈನಸ್ ಒಂದು ಎಲ್ಲಮ್ಮ?”

“ಅದು ಇದ್ರೆ ತಪ್ಪಾಯ್ತದೆ ಸಾ.”

“ಪುಸ್ತಕದಲ್ಲಿದೆ.”

“ಪುಸ್ತಕ್ದಲ್ಲಿರದೇ ತಪ್ಪು ಸಾ. ಕರೆಂಟ್ ಬರ್ಲಿ, ತೋರುಸ್ತೀನಿ.”

“ನೀನು ತೋರ್ಸೋವರ್ಗೂ ಮೈಸೂರು ಬಸ್ಸು ನನಗೋಸ್ಕರ ನಿಂತಿರುತ್ತೇನಮ್ಮ?”

ಆಮೇಲೆ ಅವರು ಉತ್ತರವನ್ನು ನೋಡಿದರು. ಅದು ಕೈಪಿಡಿಯ ಉತ್ತರದೊಂದಿಗೆ ಅಂಕಿ ತಪ್ಪದೆ ತಾಳೆಯಾಯಿತು. ಆಗ ಅವರ ತಲೆಯಲ್ಲಿ ಹೊಳೆದ ತರ್ಕವನ್ನು, ಅಧ್ಯಕ್ಷರೇ, ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಬೇಕು: ಪ್ರೋಗ್ರಾಮು ಪುಸ್ತಕದಂತಿಲ್ಲ, ಆದ್ದರಿಂದ ತಪ್ಪು. ತಪ್ಪು ಪ್ರೋಗ್ರಾಮಿನಿಂದ ಸರಿ ಉತ್ತರ ಬರುವುದಿಲ್ಲ. ಆದರೂ ಬಂದಿದೆ, ಆದ್ದರಿಂದ ಕದ್ದದ್ದು! ಅಂದು ಅದೇ ಪ್ರೋಗ್ರಾಮು ಬಂದ ಇನ್ನೂ ಮೂವರು ಪುಸ್ತಕದ ತಪ್ಪನ್ನೂ ಪುಸ್ತಕದ ಉತ್ತರವನ್ನೂ ಬಾಯಿಪಾಠದಿಂದ ಇಳಿಸಿದರು. ಆ ತಪ್ಪಿನಿಂದ ಆ ಉತ್ತರ ಈ ಭೂಮಿಯ ಯಾವ ಯಂತ್ರದಲ್ಲೂ ಹುಟ್ಟುವುದಿಲ್ಲ. ಮೂವರಿಗೂ ಪೂರ್ತಿ ಅಂಕ. ಇಡೀ ಕೋಣೆಯಲ್ಲಿ ಆ ಪ್ರೋಗ್ರಾಮಿನ ಉತ್ತರವನ್ನು ಯಂತ್ರದಿಂದ ಪಡೆದವಳು ಒಬ್ಬಳೇ, ಕಳ್ಳಿಯಾದವಳೂ ಅವಳೇ.

ಏಪ್ರಿಲ್‌ನಲ್ಲಿ ಅವಳ ತಾಯಿ ಚನ್ನಾಜಮ್ಮನ ಜೊತೆ ನಾನು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಸಂಬಂಧಪಟ್ಟ ಗುಮಾಸ್ತರು ಸಿಕ್ಕರು.

“ಹನ್ನೊಂದು ಜನ ತಜ್ಞರು ಕಣ್ರೀ. ಎಲ್ಲರೂ ಸೇರಿ ತಪ್ಪು ಮಾಡೋಕಾಗುತ್ತಾ?” ಎಂದರು ಅವರು.

“ಹನ್ನೊಂದರಲ್ಲಿ ಒಬ್ಬರಾದರೂ ರನ್ ಮಾಡಿ ನೋಡಿದ್ರಾ ಸ್ವಾಮಿ?”

“ಅದು ಸಮಿತಿಯ ವ್ಯಾಪ್ತಿಗೆ ಬರಲ್ಲ.”

ಚನ್ನಾಜಮ್ಮ ಹೆಡತಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಅವರು ಮುಂದೆ ಬಂದರು. “ಅಲ್ಲ ಸಾಮಿ, ನಮ್ ಮಿಲ್ನಲ್ಲಿ ಇಟ್ಟು ತರಿ ತರಿ ಬಂದ್ರೆ ಕಲ್ಲು ಬಿಚ್ಚಿ ನೋಡ್ತೀವಿ. ಕಲ್ಲು ತಂದೋನು ದೊಡ್ಮನ್ಸ, ಅದ್ಕೆ ಇಟ್ಟು ನುಣ್ಣಗದೆ ಅಂತ ಹೇಳುದ್ರೆ ಜನ ರೊಟ್ಟಿ ತಟ್ಟಾರಾ? ನನ್ ಮಗ್ಳು ಕಲ್ಲು ಬಿಚ್ಚಿ ನೋಡುದ್ಲು. ಅಷ್ಟೆಯ.”

“ಅಮ್ಮಾ, ಇದು ಹಿಟ್ಟಲ್ಲ, ವಿಜ್ಞಾನ,” ಎಂದರು ಗುಮಾಸ್ತರು.

“ಓ, ಅದ್ಕೇ ಯಾರೂ ಬಿಚ್ಚಿ ನೋಡಿಲ್ಲ,” ಎಂದರು ಚನ್ನಾಜಮ್ಮ.

ಅಧ್ಯಕ್ಷರೇ, ನಗುವುದು ನನ್ನ ಕಸುಬು. ಆದರೆ ಆ ಹುಡುಗಿ ಈಗ ನನ್ನ ಅಂಗಡಿಗೆ ಬಂದರೂ ಕಂಪ್ಯೂಟರ್ ಮುಂದೆ ಕೂರುವುದಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾಳೆ. ಮೊನ್ನೆ ಕೇಳಿದಳು: “ಪುಸ್ತಕ್ದಲ್ಲಿದ್ದಂಗೇ ಬರ್ದಿದ್ರೆ ಪಾಸಾಯ್ತಿದ್ದೆ ಅಲ್ವಾ ಸಾ?” ಹೌದು ಎನ್ನಬೇಕಾಯಿತು. ಹೌದು ಎಂದೆ. ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಬಾಯಿಂದ ಬಂದ ಅತ್ಯಂತ ಹೊಲಸು ಪಾಠ ಅದು, ಅದರ ಪಠ್ಯಕರ್ತರು ತಾವು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಹದಿನಾಲ್ಕರಂದು ಅವಳನ್ನು ಒಂದು ಪ್ರಶ್ನೆ ಕೇಳುವ ಮೊದಲು, ತಮ್ಮ ಪ್ರೋಗ್ರಾಮನ್ನೂ ಅವಳ ಪ್ರೋಗ್ರಾಮನ್ನೂ ಎಲ್ಲರೆದುರು ಒಂದೇ ಯಂತ್ರದಲ್ಲಿ ರನ್ ಮಾಡಿ. ಅವಳದು ಸೋತರೆ ಎರಡಲ್ಲ, ನಾಲ್ಕು ವರ್ಷ ಹೊರಗಿಡಿ. ತಮ್ಮದು ಸೋತರೆ ಆರೋಪ ರದ್ದಾಯಿತೆಂದು ಅಂದೇ ಬರೆದುಕೊಡಿ, ಅಂಕ ಕೊಡಿ, ಚಿಕ್ಕಸ್ವಾಮಿಯವರ ನೋಟಿಸನ್ನು ಹರಿಯಿರಿ, ಮೂವತ್ತೊಂದನೇ ಪುಟದ ತಿದ್ದುಪಡಿಯನ್ನು ಪ್ರತಿ ಕಾಲೇಜಿಗೂ ಕಳಿಸಿ. ಪದವಿ ತರಗತಿಗೆ ಅರ್ಜಿ ಹಾಕಲು ಇಪ್ಪತ್ತನೇ ತಾರೀಖು ಕೊನೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಅವಳ ಪಾಲಿಗೆ ಶಿಕ್ಷೆಯೇ, ಅದು ತಮಗೂ ಗೊತ್ತು. ಪೂರ್ತಿ ಅಂಕ ಪಡೆದ ಆ ಮೂವರನ್ನು ಮಾತ್ರ ಮುಟ್ಟಬೇಡಿ. ತಮ್ಮನ್ನು ನಂಬಿದ್ದಾರೆ, ಅದರ ಫಲ ಅವರಿಗೆ ಮುಂದೆ ತಾನಾಗಿಯೇ ಸಿಗುತ್ತದೆ.

ಇಂತಿ, ತಮ್ಮ ತಪ್ಪನ್ನು ಐದು ವರ್ಷ ಅಂದವಾಗಿ ಜೆರಾಕ್ಸ್ ಮಾಡಿ ಹಂಚಿದ ಪಾಲುದಾರ,
ವ್ಯಾಸರಾಜ
ಜಾಬ್ ಟೈಪಿಂಗ್ ಮತ್ತು ಲಗ್ನಪತ್ರಿಕೆ, ನಂಜನಗೂಡು

ವಿ.ಸೂ.: ವಿಚಾರಣೆ ನಡೆಯುವ ಕೋಣೆಯಲ್ಲಿ ಕಂಪ್ಯೂಟರ್ ಇಲ್ಲವೆಂದು ಗುಮಾಸ್ತರೇ ಹೇಳಿದರು. ಚಿಂತೆಯಿಲ್ಲ, ನನ್ನದನ್ನೇ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಹಾಕಿಕೊಂಡು ಬರುತ್ತೇವೆ. ಮಾನಿಟರನ್ನು ಚನ್ನಾಜಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರಂತೆ. ಗೋಡೆಯ ಹತ್ತಿರ ಒಂದು ಮೇಜು ಹಾಕಿಸಿ, ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಒಂದನ್ನು ಖಾಲಿ ಇಡಿಸಿದರೆ ಸಾಕು.