ಕುರಿಗೆ ಸೇರಿಸಿದ ಹೆಸರು

ಬೇತ್‌ಹೊರೋನ್,
ನಿಸಾನ್ ತಿಂಗಳ ಹತ್ತನೆಯ ದಿನ

ಮಗನೇ ಹಿಲ್ಕೀಯ,

ಹೇಗಿದ್ದೀಯ? ಗುಹೆಯ ಥಂಡಿಗೆ ನಿನ್ನ ಕೆಮ್ಮು ಹೆಚ್ಚಿರಬಹುದು. ಉಪ್ಪು ಮಾರುವವಳ ಕೈಯಲ್ಲಿ ಒಣ ಅಂಜೂರ ಕಳಿಸಿದ್ದೇನೆ. ನಾವು ಇದ್ದೇವೆ. ಅಜ್ಜಿಯ ಕಣ್ಣು ಮಂಜಾಗಿದೆ, ನಾಲಿಗೆಯಲ್ಲ.

ರೋಮಿನ ಕೈಸರನ ಜನ ತೆರಿಗೆಯ ಎಣಿಕೆ ಮುಗಿಸಿ ಹೋದರು. ಹೊಲ, ಕತ್ತೆ, ಮನೆಯ ತಲೆಗಳು, ಎಲ್ಲವನ್ನೂ ಹೇಳಿದೆ. ದೇವರೊಬ್ಬನೇ ಒಡೆಯ, ಎಣಿಸಿಕೊಂಡವನು ಗುಲಾಮ ಎಂದು ಕಣದಲ್ಲಿ ನಿಮ್ಮವರು ಕೂಗಿದ ದಿನ ನೀನು ನನ್ನ ಕಡೆ ತಿರುಗಿ, “ಆಲಿವ್ ಮರದ ಜೊತೆ ನೀನೂ ಬರೆಸ್ಕೊಳ್ತೀಯಲ್ಲಪ್ಪಾ” ಎಂದಿದ್ದೆ. ಬರೆಸಿಕೊಂಡರೆ ಬದುಕುತ್ತೇವೆ ಎಂದುಕೊಂಡಿದ್ದೆ. ಬದುಕಿದ್ದೇವೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಇಂದು ಪಸ್ಕ ಹಬ್ಬಕ್ಕೆ ಯೆರೂಸಲೇಮಿನಲ್ಲಿ ಕೊಯ್ದು ಉಣ್ಣುವ ಕುರಿಯನ್ನು ಆರಿಸಿದೆವು. ಎಂದಿನಂತೆ ಪಕ್ಕದ ಮನೆಯ ಜಕ್ಕೂರನೂ ನಾವೂ ಒಂದೇ ಕುರಿಗೆ. ಉಣ್ಣುವವರ ಹೆಸರನ್ನು ಕೊಯ್ಯುವ ಮೊದಲೇ ಸೇರಿಸಬೇಕಲ್ಲ. ಸೇರದವನಿಗೆ ತುಣುಕೂ ಇಲ್ಲ. ಅಂಗಳದಲ್ಲಿ ಒಬ್ಬೊಬ್ಬರನ್ನೇ ಹೇಳುತ್ತ ನಿನ್ನನ್ನು ದಾಟಿ ಮುಂದೆ ಹೋದೆ. ಅಜ್ಜಿ ಒಳಗಿನಿಂದ ನಿನ್ನ ಹೆಸರು ಕೂಗಿದಳು. ಸನ್ನೆ ಮಾಡಿದೆ; ಅವಳಿಗೆ ಎಲ್ಲಿ ಕಾಣಬೇಕು. “ಕೈಸರನಿಗೆ ಎಣಿಸ್ಕೊಳ್ಳಲ್ಲ ಅಂತ ತಾನೇ ಅವನು ಹೋಗಿದ್ದು? ದೇವರ ಕುರಿಗೂ ಎಣಿಸ್ಕೊಳ್ಳಲ್ಲ ಅಂದನಾ?” ಎಂದಳು. ಎಲ್ಲರೂ ನಕ್ಕರು, ನಿನ್ನ ಹೆಸರೂ ಸೇರಿತು. ಜಕ್ಕೂರ ನಗುತ್ತಲೇ, “ಹಾಗಾದ್ರೆ ಹುಡುಗ ಯೆರೂಸಲೇಮಿಗೆ ಊಟಕ್ಕೆ ಬರ್ತಾನೆ ಅನ್ನು, ಎಲ್ಯಾಶೀಬಣ್ಣ” ಎಂದ. ಅವನ ಅಳಿಯ ಈಗ ರೋಮಿನವರ ಠಾಣೆಗೆ ಗೋಧಿ ಹಾಕುತ್ತಾನೆ. ನಾನು ಕುರಿಯ ಕಿವಿಯಲ್ಲಿ ಕಲೆಯಿದೆಯೇ ಎಂದು ನೋಡುತ್ತ ನಿಂತೆ. ಕಲೆಯಿರಲಿಲ್ಲ. ಮತ್ತೊಮ್ಮೆ ನೋಡಿದೆ.

ಅಜ್ಜಿ ನಿನ್ನ ತಲೆ ಸವರಿದಂತೆ ತಿಳಿದುಕೋ. ನಮ್ಮ ಹಿರಿಯರ ದೇವರು ನಿನ್ನ ಗುಹೆಯ ಬಾಯಲ್ಲಿ ಎಚ್ಚರವಾಗಿರಲಿ.

ನಿನ್ನ ತಂದೆ,
ಎಲ್ಯಾಶೀಬ

ಮತ್ತೆ: ಉಪ್ಪಿನವಳು ಎದ್ದು ನಿಂತಿದ್ದಾಳೆ. ಬರಬೇಡ. ಜಕ್ಕೂರನ ಕತ್ತೆ ಆಗಲೇ ಠಾಣೆಯ ದಾರಿ ಹಿಡಿದಿದೆ. ಯೆರೂಸಲೇಮಿನಲ್ಲಿ ನಾವು ಉಣ್ಣುವ ನಿನ್ನ ಚಿಕ್ಕಪ್ಪನ ಮನೆ ಅವನಿಗೆ ಗೊತ್ತು. ಕೊಯ್ಯುವವರೆಗೆ ಹೆಸರು ತೆಗೆಯಬಹುದು, ಆದರೆ ತೆಗೆಯುವುದಿಲ್ಲ. ತೆಗೆದರೆ ನಿನಗೆ ಸುದ್ದಿ ಮುಟ್ಟಿತೆಂದು ತಿಳಿದು ಠಾಣೆಯವರು ಗುಡ್ಡಕ್ಕೇ ಬಂದಾರು. ಅವರು ಚಿಕ್ಕಪ್ಪನ ಬಾಗಿಲು ಕಾಯುತ್ತಿರಲಿ. ಅಷ್ಟರಲ್ಲಿ ನೀವೆಲ್ಲ ಯೊರ್ದನ್ ಹೊಳೆ ದಾಟಿಬಿಡಿ. ನಿನ್ನ ಪಾಲನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಬೆಳಗಿಗೆ ಉಳಿದದ್ದನ್ನು ಸುಡಬೇಕು. ನಾನೇ ಸುಡುತ್ತೇನೆ.